ಅಟ್ಟದಲ್ಲಿ ಸಿಕ್ಕ ಕಂಪ್ಯೂಟರ್: ಕ್ಯಾಸೆಟ್ಟಿನ ‘ಕಿರ್ರ್’ ಸದ್ದಿನಲ್ಲಿ ಏನಿದೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಕಡೆ ನಮ್ಮ ಹಳೇ ಮನೆ. ಅಟ್ಟ ಖಾಲಿ ಮಾಡುವಾಗ ತೀರಿಕೊಂಡ ಸೋದರಮಾವನ ಟ್ರಂಕ್ ಸಿಕ್ಕಿತು. ಮಾವ ಹಡಗಿನಲ್ಲಿ ಕೆಲಸಕ್ಕಿದ್ದವರು, ಆಮೇಲೆ ಊರಿಗೆ ಬಂದು ತೋಟ ನೋಡಿಕೊಂಡರು. ಟ್ರಂಕಿನಲ್ಲಿ ರಬ್ಬರ್ ಗುಂಡಿಗಳ ಚಿಕ್ಕ ಕಪ್ಪು ಯಂತ್ರವಿದೆ. ಬಲ ಮೂಲೆಯಲ್ಲಿ ಕೆಂಪು, ಹಳದಿ, ಹಸಿರು, ತಿಳಿನೀಲಿ ಪಟ್ಟೆ. ಜೊತೆಗೆ ಮೂರು ಕ್ಯಾಸೆಟ್, ಒಂದು ಚೌಕುಳಿ ಪುಸ್ತಕ. ಪುಸ್ತಕದ ಚೌಕಗಳಿಗೆ ಮಸಿ ತುಂಬಿ ಏನೋ ಬರೆದಿದ್ದಾರೆ, ಕೆಲವು ಕನ್ನಡ ಅಕ್ಷರದ ಹಾಗೆ ಕಾಣುತ್ತವೆ. ಪುಟಗಳು ಒಂದಕ್ಕೊಂದು ಅಂಟಿವೆ. ಕ್ಯಾಸೆಟ್ ಹಾಕಿದರೆ ಹಾಡಿಲ್ಲ, ಬರೀ ಕಿರ್ರ್ ಸದ್ದು. ಒಂದರಲ್ಲಿ ಬಿಳಿ ಬೂಷ್ಟು ಇದೆ. ಪಕ್ಕದ ಮನೆ ಮೇಷ್ಟ್ರು ಇದು ಸರ್ಕಾರ ಶಾಲೆಗಳಿಗೆ ಕೊಟ್ಟ ಬಿಬಿಸಿ ಕಂಪ್ಯೂಟರ್ ಅಂತಾರೆ. ಇದರ ಅಡಾಪ್ಟರ್ ಸಿಕ್ಕಿಲ್ಲ, ಆದರೆ ವೈಫೈ ರೂಟರಿನ 9 ವೋಲ್ಟ್ ಅಡಾಪ್ಟರಿನ ಪಿನ್ ಸರಿಯಾಗಿ ಕೂರುತ್ತದೆ. ಹಚ್ಚಬಹುದಾ? ಕ್ಯಾಸೆಟ್ ಹಾಳಾಗಿದೆಯಾ? ಇದಕ್ಕೆ ಬೆಲೆ ಏನಾದರೂ ಬರುತ್ತದಾ?

ಉತ್ತರ: ಮೊದಲು ಆ ರೂಟರಿನ ಅಡಾಪ್ಟರನ್ನು ಕೆಳಗಿಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ನೀವು ಹೇಳಿದ ಗುರುತು ನೋಡಿದರೆ ಅದು ಜೆಡ್‌ಎಕ್ಸ್ ಸ್ಪೆಕ್ಟ್ರಮ್. ಇಂಗ್ಲೆಂಡಿನ ಸಿಂಕ್ಲೇರ್ ರಿಸರ್ಚ್ 1982ರ ಏಪ್ರಿಲ್‌ನಲ್ಲಿ ತಂದ ಮನೆಬಳಕೆಯ ಕಂಪ್ಯೂಟರ್. ಅದಕ್ಕೆ ಬೇಕಾದದ್ದು 9 ವೋಲ್ಟೇ, ಪಿನ್ನೂ ಅದೇ ಅಳತೆ. ಮೋಸ ಇರುವುದೇ ಅಲ್ಲಿ. ಈಗಿನ ಹೆಚ್ಚಿನ ಅಡಾಪ್ಟರುಗಳಲ್ಲಿ ಪಿನ್ನಿನ ಒಳಗಡೆ ಪ್ಲಸ್, ಹೊರಗಡೆ ಮೈನಸ್. ಸ್ಪೆಕ್ಟ್ರಮ್‌ಗೆ ಇದು ತಲೆಕೆಳಗು: ಒಳಗಡೆ ಮೈನಸ್, ಹೊರಗಡೆ ಪ್ಲಸ್. ಸುಮ್ನೆ ಕೂರುತ್ತದೆ ಅಂತ ಚುಚ್ಚಿದರೆ ಒಂದು ಕ್ಷಣದಲ್ಲಿ ಒಳಗಿನ ಸಾಮಾನು ಹೋಗಬಹುದು. ಇದು ಪುಸ್ತಕ ಓದಿ ಹೇಳುವ ಮಾತಲ್ಲ. ರೇಡಿಯೋ ರಿಪೇರಿ ಕಲಿಯುತ್ತಿದ್ದ ಕಾಲದಲ್ಲಿ ಗೆಳೆಯರೊಬ್ಬರ ಸ್ಪೆಕ್ಟ್ರಮ್ಮನ್ನು ನಾನೇ ಹೀಗೆ ಕೊಂದಿದ್ದೇನೆ. ಸದ್ದಿಲ್ಲ, ಹೊಗೆಯಿಲ್ಲ, ಬೆಚ್ಚಗಿನ ಒಂದು ವಾಸನೆ ಬಂತು ಅಷ್ಟೇ. ಆ ಗೆಳೆಯರು ಇವತ್ತಿಗೂ ನಮ್ಮ ಮನೆಗೆ ಬಂದರೆ ತಮ್ಮ ಫೋನ್ ಚಾರ್ಜರನ್ನು ತಾವೇ ಚುಚ್ಚಿಕೊಳ್ಳುತ್ತಾರೆ.

ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂದದ್ದು ನಿಜ. ಆದರೆ ಅದು ದೊಡ್ಡದು, ಟೈಪ್‌ರೈಟರಿನಂಥ ಗಟ್ಟಿ ಕೀಬೋರ್ಡು, ಮೇಲುಗಡೆ ಕೆಂಪು ಗುಂಡಿಗಳ ಸಾಲು. ಅದನ್ನು ಮಾಡಿದ್ದು ಏಕಾರ್ನ್ ಕಂಪನಿ. ಅದೇ ಕಂಪನಿಯ ಎಂಜಿನಿಯರುಗಳು 1985ರಲ್ಲಿ ಆರ್ಮ್ ಎಂಬ ಚಿಪ್ ಮಾಡಿದರು. ಅದರ ಮೊಮ್ಮಕ್ಕಳೇ ಈಗ ನಿಮ್ಮ ಜೇಬಿನ ಫೋನಿನಲ್ಲಿರುವುದು. ಎರಡು ಕಂಪ್ಯೂಟರುಗಳ ಕ್ಯಾಸೆಟ್ಟನ್ನು ಕಿವಿಯಲ್ಲೇ ಬೇರೆ ಮಾಡಬಹುದು. ಬಿಬಿಸಿಯದ್ದು ಸಣ್ಣ ಪೀಪಿಯ ಹಾಗೆ, 1200 ಮತ್ತು 2400 ಹರ್ಟ್ಜ್. ಸ್ಪೆಕ್ಟ್ರಮ್ಮಿನದ್ದು ಒರಟು, ಗರಗಸದ ಹಾಗೆ. ನೀವು ಆಮೇಲೆ ಕಳಿಸಿದ ರೆಕಾರ್ಡಿಂಗಿನಲ್ಲಿ ಕೇಳಿದ್ದು ಗರಗಸ.

ಹಚ್ಚಬಹುದಾ ಅಂತ ಕೇಳಿದಿರಿ. ಈಗ ಬೇಡ. ಇಷ್ಟು ವರ್ಷ ಅಟ್ಟದಲ್ಲಿದ್ದ ಯಂತ್ರ, ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ಒಣಗಿರಬಹುದು. ಅವು ದುಬಾರಿಯಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡಿ. ಆಮೇಲೆ ಸರಿಯಾದ ಅಡಾಪ್ಟರ್ ಬೇಕು: 9 ವೋಲ್ಟ್, 1.4 ಆಂಪಿಯರ್, ಒಳಗಡೆ ಮೈನಸ್. ಟ್ರಂಕಿನ ತಳದಲ್ಲಿ ಹಳೇ ಅಡಾಪ್ಟರ್ ಸಿಕ್ಕಿದರೂ ನೇರವಾಗಿ ಗೋಡೆಗೆ ಹಾಕಬೇಡಿ. ನಮ್ಮ ಹಳೇ ರೇಡಿಯೋ ಮೆಕ್ಯಾನಿಕ್ಕುಗಳ ಸೀರೀಸ್ ಬಲ್ಬ್ ಇದೆಯಲ್ಲ, ಅದರ ಮೂಲಕ ಹಚ್ಚಬೇಕು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಅಡಾಪ್ಟರ್ ಬದುಕುತ್ತದೆ. 230 ವೋಲ್ಟಿನ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿದ್ದವರ ಕೈಗೆ ಕೊಡಿ.

ಅಷ್ಟಾದ ಮೇಲೂ ಪರದೆ ನೋಡುವ ಮೊದಲು ಮಲ್ಟಿಮೀಟರ್ ಹಿಡಿಯಬೇಕು. ಕಾರಣ ಹೇಳುತ್ತೇನೆ. ಇದರ ಕೆಳಗಿನ 16ಕೆ (16 ಕಿಲೋಬೈಟ್) ಮೆಮೊರಿಗೆ 4116 ಅನ್ನುವ ಎಂಟು ಚಿಪ್‌ಗಳಿವೆ. ಅವಕ್ಕೆ ಒಂದಲ್ಲ, ಮೂರು ಬಗೆಯ ವೋಲ್ಟೇಜ್ ಬೇಕು: ಪ್ಲಸ್ 12, ಪ್ಲಸ್ 5, ಮೈನಸ್ 5. ಒಂದು ಪುಟ್ಟ ಕಾಯಿಲ್ ಮತ್ತು ಟಿಆರ್ 4 ಅಂತ ಬೋರ್ಡಿನ ಮೇಲೆ ಬರೆದಿರುವ ಒಂದು ಟ್ರಾನ್ಸಿಸ್ಟರ್ ಸೇರಿ ಇದನ್ನು ಹುಟ್ಟಿಸುತ್ತವೆ. ಹೆಚ್ಚಾಗಿ ಕೆಡುವುದೂ ಅದೇ ಟಿಆರ್ 4. ಮೈನಸ್ 5 ಬಾರದೆ ಉಳಿದ ಎರಡು ಮಾತ್ರ ಬಂದರೆ ಮೆಮೊರಿ ಚಿಪ್‌ಗಳು ಕಾದು ಸಾಯುತ್ತವೆ. ‘ಸ್ವಲ್ಪ ಹೊತ್ತು ಹಾಗೇ ಇಟ್ಟು ನೋಡೋಣ’ ಅನ್ನುವ ನಮ್ಮ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ.

ಮೇಲಿನ 32ಕೆ ಮೆಮೊರಿಯ ಕತೆ ಇನ್ನೂ ಮಜವಾಗಿದೆ. ಕಾಫಿ ಹಣ್ಣಿನಲ್ಲಿ ಎರಡು ಬೀಜ ಇರುತ್ತವಲ್ಲ. ಒಂದಕ್ಕೆ ಕಾಯಿಕೊರಕ ಹೊಕ್ಕರೂ ಎಷ್ಟೋ ಸಲ ಇನ್ನೊಂದು ಚೆನ್ನಾಗೇ ಇರುತ್ತದೆ. ಸಿಂಕ್ಲೇರ್‌ನವರು ಕೊಂಡದ್ದು ಅಂಥ ಚಿಪ್‌ಗಳನ್ನೇ. 64 ಕಿಲೋಬಿಟ್‌ನ ಚಿಪ್, ಅದರಲ್ಲಿ ಅರ್ಧ ಪರೀಕ್ಷೆಯಲ್ಲಿ ಫೇಲ್ (ಬಿಟ್ ಅಂದರೆ ಒಂದು 0 ಅಥವಾ 1 ಇಡುವ ಜಾಗ). ಚಿಪ್ ಕಂಪನಿ ಅದನ್ನು ಎಸೆಯುವ ಬದಲು ಕಡಿಮೆ ಬೆಲೆಗೆ 32 ಕಿಲೋಬಿಟ್ ಅಂತ ಮಾರಿತು. ಯಾವ ಅರ್ಧ ಸರಿ ಇದೆ ಅನ್ನುವುದನ್ನು ಬೋರ್ಡಿನ ಮೇಲೆ ಒಂದು ತುಂಡು ತಂತಿ ಹಾಕಿ ತಿಳಿಸುತ್ತಿದ್ದರು. 48ಕೆ ಯಂತ್ರವನ್ನು 175 ಪೌಂಡಿಗೆ ಮಾರಲು ಸಾಧ್ಯವಾದದ್ದು ಇಂಥ ಜಿಪುಣತನದಿಂದ. ನನಗೆ ಈ ಜಿಪುಣತನದ ಮೇಲೆ ಭಾರೀ ಗೌರವ. ಹಾಗಾಗಿ ಮುಂದೆ ಯಾರಾದರೂ ರಿಪೇರಿ ಮಾಡುವಾಗ ಒಂದು ಚಿಪ್ ಬದಲಿಸಬೇಕಾದರೆ, ಅದೇ ಅರ್ಧ ಚೆನ್ನಾಗಿರುವ ಚಿಪ್ಪೇ ಆಗಬೇಕು. ಇಲ್ಲವಾದರೆ ಪೂರ್ತಿ ಸರಿ ಇರುವ 64 ಕಿಲೋಬಿಟ್‌ನ 4164 ಹಾಕಬಹುದು.

ಇದರ ಮಿದುಳು ಜೆಡ್ 80. ಇಂಟೆಲ್‌ನಲ್ಲಿ ಮೊದಲ ಮೈಕ್ರೋಪ್ರೊಸೆಸರ್ ಕೆಲಸದಲ್ಲಿದ್ದ ಫೆಡೆರಿಕೊ ಫಜ್ಜಿನ್ ಹೊರಗೆ ಬಂದು ಜೈಲಾಗ್ ಕಂಪನಿ ಕಟ್ಟಿ, ಮಸತೋಶಿ ಶಿಮಾ ಜೊತೆ 1976ರಲ್ಲಿ ತಂದ ಚಿಪ್. ಎಂಟು ಬಿಟ್‌ನ ಪ್ರೊಸೆಸರ್ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಆದರೆ 2013ರಲ್ಲಿ ಕೆನ್ ಶಿರಿಫ್ ಎಂಬುವರು ಚಿಪ್ಪಿನ ಒಳಗಿನ ಫೋಟೋ ಇಟ್ಟುಕೊಂಡು ಒಂದೊಂದೇ ಗೆರೆ ಹಿಂಬಾಲಿಸಿ ತೋರಿಸಿದರು: ಕೂಡಿಸುವ ಭಾಗ ಇರುವುದು ನಾಲ್ಕೇ ಬಿಟ್! ಎಂಟು ಬಿಟ್‌ನ ಸಂಖ್ಯೆಯನ್ನು ಅದು ಎರಡು ತುತ್ತು ಮಾಡಿ ನುಂಗುತ್ತದೆ. ಕೈಪಿಡಿಯಲ್ಲಿ ಇಲ್ಲದ ಆಜ್ಞೆಗಳೂ ಇದರಲ್ಲಿವೆ. ಐಎಕ್ಸ್ ಎಂಬ ಹದಿನಾರು ಬಿಟ್ ರಿಜಿಸ್ಟರನ್ನು (ಚಿಪ್ಪಿನೊಳಗೆ ಸಂಖ್ಯೆ ಇಟ್ಟುಕೊಳ್ಳುವ ಜಾಗ) ಎರಡು ಅರ್ಧವಾಗಿ ಬಳಸಬಹುದು ಅನ್ನುವುದನ್ನು ಕಂಪನಿ ಹೇಳಲಿಲ್ಲ, ಹವ್ಯಾಸಿಗಳು ಕೆದಕಿ ಕಂಡುಕೊಂಡರು. ಆ ಚಿಪ್ ಮೊನ್ನೆ ಮೊನ್ನೆವರೆಗೂ ಹೊಸದಾಗಿ ಸಿಗುತ್ತಿತ್ತು. 2024ರಲ್ಲಿ ಕಂಪನಿ ಕಡೆಯ ಆರ್ಡರ್ ತೆಗೆದುಕೊಂಡಿತು. ನಲವತ್ತೆಂಟು ವರ್ಷ!

ಬೆಲೆಯ ಪ್ರಶ್ನೆಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸ್ಪೆಕ್ಟ್ರಮ್‌ಗಳು ಐವತ್ತು ಲಕ್ಷದ ಮೇಲೆ ಮಾರಾಟವಾಗಿವೆ. ಅಪರೂಪದ ವಸ್ತುವೇನಲ್ಲ. ಒಂದು ಹೋದರೆ ಇನ್ನೊಂದು ತರಿಸಬಹುದು. ನಿಮ್ಮ ಮಾವನ ಕ್ಯಾಸೆಟ್ ಮಾತ್ರ ಜಗತ್ತಿನಲ್ಲಿ ಒಂದೇ ಇರುವುದು. ನೀವು ಯಂತ್ರದ ಬಗ್ಗೆ ಹತ್ತು ಸಾಲು ಬರೆದು ಕ್ಯಾಸೆಟ್ ಬಗ್ಗೆ ಎರಡು ಸಾಲು ಬರೆದಿದ್ದೀರಿ. ನಾನು ಅದನ್ನು ತಿರುಗಿಸುತ್ತೇನೆ.

ಈಗಲೇ ಮಾಡಬೇಕಾದ ಕೆಲಸ: ಮೂರೂ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತವೆ. ಮುರಿದುಹಾಕಿ. ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ದನಿ ಇದ್ದ ಒಂದೇ ಕ್ಯಾಸೆಟ್ಟಿನ ಮೇಲೆ ಯಾರೋ ಭಕ್ತಿಗೀತೆ ತುಂಬಿಸಿದರು. ಯಾರು ಅಂತ ಇನ್ನೂ ಒಪ್ಪಿಕೊಂಡಿಲ್ಲ.

ಬೂಷ್ಟಿನ ಬಗ್ಗೆ ಕೊಡಗಿನವರಿಗೆ ನಾನು ಪಾಠ ಹೇಳಬೇಕಾ? ಕಕ್ಕಡ ತಿಂಗಳ ಮಳೆಯಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಬೀರುವಿನಲ್ಲಿಟ್ಟ ಕೋಟಿಗೂ ಬೂಷ್ಟು. ಟ್ರಂಕ್ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇದ್ದಿದ್ದರೆ ಅದೇ ಅದನ್ನು ಕಾಪಾಡಿರಬೇಕು, ಮನೆಯಲ್ಲಿ ಹೆಚ್ಚು ಒಣಗಿರುವ ಜಾಗ ಅದು. ಹಾಗಂತ ಈಗ ಒಣಗಿಸಲು ಕ್ಯಾಸೆಟ್ಟನ್ನು ಒಲೆ ಹತ್ತಿರವಾಗಲಿ, ಕಾಫಿ ಕಣದ ಬಿಸಿಲಿನಲ್ಲಾಗಲಿ ಇಡಬೇಡಿ. ಡಬ್ಬಿ ಸೊಟ್ಟಗಾಗುತ್ತದೆ. ಗಟ್ಟಿ ಮುಚ್ಚಳದ ಡಬ್ಬದಲ್ಲಿ, ಬೂಟಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಹತ್ತು ದಿನ ಇಡಿ. ಈಗ ಕಾಫಿ ಕುಯ್ಲಿನ ಕಾಲ, ಗಾಳಿಯೂ ಒಣಗಿದೆ. ಇದೇ ಒಳ್ಳೆ ಸಮಯ.

ಆಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು, ಬೂಷ್ಟನ್ನು ಮೆತ್ತಗಿನ ಒಣ ಬ್ರಷ್ಷಿನಿಂದ ಸುರುಳಿಯ ಅಂಚಿನ ಮೇಲಿಂದ ತೆಗೆಯಿರಿ. ಡಬ್ಬಿಗೆ ಸ್ಕ್ರೂ ಇದ್ದರೆ ಬಿಚ್ಚಿ, ಟೇಪನ್ನು ಬೇರೊಂದು ಶುಚಿಯಾದ ಡಬ್ಬಿಗೆ ಬದಲಿಸಿದರೆ ಇನ್ನೂ ಒಳ್ಳೇದು. ಬೂಷ್ಟು ಹಿಡಿದ ಕ್ಯಾಸೆಟ್ ಹಾಕಿದ ಪ್ಲೇಯರಿನಲ್ಲೇ ಮಿಕ್ಕ ಎರಡನ್ನು ಹಾಕಬೇಡಿ, ಅವಕ್ಕೂ ಹರಡುತ್ತದೆ. ನೀವು ಈಗಾಗಲೇ ಒಮ್ಮೆ ಹಾಕಿ ಆಗಿದೆ. ಆ ಪ್ಲೇಯರಿನ ಹೆಡ್ಡನ್ನು, ಅದರ ಪಕ್ಕದ ರಬ್ಬರ್ ಗಾಲಿಯನ್ನು ಒರೆಸಿ. ಹೆಡ್ಡಿಗೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವ ಹತ್ತಿಯಲ್ಲಿ ಅದ್ದಿ ಹಚ್ಚಿದರೆ ಸಾಕು.

ಇನ್ನು ರೆಕಾರ್ಡಿಂಗ್. ನೀವು ಮೊದಲು ಕಳಿಸಿದ್ದು ವಾಟ್ಸಾಪ್ ವಾಯ್ಸ್ ನೋಟ್. ಅದು ಉಪಯೋಗಕ್ಕೆ ಬರಲಿಲ್ಲ, ನಿಮ್ಮ ತಪ್ಪಲ್ಲ. ಮನುಷ್ಯರ ಮಾತು ಅಂತ ತಿಳಿದು ಫೋನು ಅದನ್ನು ಹಿಂಡಿ, ‘ಗದ್ದಲ’ ಅಂತ ಅನಿಸಿದ್ದನ್ನು ತೆಗೆದುಬಿಡುತ್ತದೆ. ನಿಮ್ಮ ಕ್ಯಾಸೆಟ್ಟಿನಲ್ಲಿ ಇರುವುದೇ ಗದ್ದಲ! ನಾನು ಕೇಳಿದ ಮೇಲೆ ನೀವು ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿ, ವೇವ್ ಫೈಲಾಗಿ ಮತ್ತೆ ಕಳಿಸಿದಿರಲ್ಲ, ಅದು ಬಂಗಾರ. ಬೆಲ್ಟ್ ಜಾರಿ ಪ್ಲೇಯರ್ ನಿಂತು ಮೂವತ್ತೇ ಸೆಕೆಂಡ್ ಬಂದಿದೆ. ಆದರೆ ಆ ಮೂವತ್ತು ಸೆಕೆಂಡಿನಲ್ಲಿ ಬೇಕಾದಷ್ಟಿದೆ.

ಸದ್ದು ಹೇಗೆ ಬರಹವಾಗುತ್ತದೆ ನೋಡಿ. ಮೊದಲು ಐದು ಸೆಕೆಂಡ್ ಒಂದೇ ಸಮನೆ ‘ಪೀ’ ಅನ್ನುವ ರಾಗ, 807 ಹರ್ಟ್ಜ್. ಅದರಲ್ಲಿ ಮಾಹಿತಿ ಏನೂ ಇಲ್ಲ. ‘ಬರುತ್ತಿದ್ದೇನೆ, ಕಿವಿ ತೆರೆ’ ಅಂತ ಕಂಪ್ಯೂಟರಿಗೆ ಹೇಳುವುದು ಅಷ್ಟೇ. ಟಿವಿ ಪರದೆಯ ಅಂಚಿನಲ್ಲಿ ಆಗ ಕೆಂಪು-ತಿಳಿನೀಲಿ ಪಟ್ಟೆಗಳು ಓಡುತ್ತವೆ. ಆಮೇಲೆ ಗರಗಸ ಶುರು, ಪಟ್ಟೆಗಳು ನೀಲಿ-ಹಳದಿ ಆಗುತ್ತವೆ. ಗರಗಸದಲ್ಲಿ ಎರಡೇ ಬಗೆಯ ಅಲೆ. ಗಿಡ್ಡ ಅಲೆ ಅಂದರೆ 0. ಅದರ ಎರಡರಷ್ಟು ಉದ್ದದ ಅಲೆ ಅಂದರೆ 1. ಎಂಟು ಅಲೆ ಸೇರಿದರೆ ಒಂದು ಬೈಟ್. ಇಷ್ಟೇ ಗುಟ್ಟು.

ಇದನ್ನು ಓದಲು ಸ್ಪೆಕ್ಟ್ರಮ್ ಬೇಕಾಗಿಲ್ಲ. ವೇವ್ ಫೈಲಿನಲ್ಲಿ ಸೆಕೆಂಡಿಗೆ 44,100 ಸಂಖ್ಯೆಗಳಿರುತ್ತವೆ. ಅಲೆ ಸೊನ್ನೆಯನ್ನು ದಾಟಿ ಮೇಲೇರುವ ಜಾಗಗಳನ್ನು ಗುರುತು ಹಾಕಿ, ಎರಡು ಗುರುತಿನ ನಡುವೆ ಎಷ್ಟು ಸಂಖ್ಯೆ ಇವೆ ಅಂತ ಎಣಿಸಿದರೆ ಆಯಿತು. ಸರಿಯಾದ ವೇಗದಲ್ಲಿ ಓಡುವ ಟೇಪಿನಲ್ಲಿ 0ಗೆ ಸುಮಾರು 21, 1ಕ್ಕೆ ಸುಮಾರು 43. ಪೈಥಾನ್‌ನಲ್ಲಿ ನಲವತ್ತು ಸಾಲಿನ ಪ್ರೋಗ್ರಾಮ್. ನಿಮ್ಮ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಒಂದು ಭಾನುವಾರದ ಕೆಲಸ.

ಒಂದೇ ತೊಡಕು ನಿಮ್ಮ ಪ್ಲೇಯರಿನ ಬೆಲ್ಟ್. ‘ಪೀ’ ರಾಗದ ಒಂದು ಅಲೆಗೆ 54 ಅಥವಾ 55 ಬರಬೇಕಿತ್ತು, ನಿಮ್ಮದರಲ್ಲಿ 58 ಬಂತು. ಅಂದರೆ ಪ್ಲೇಯರ್ ನೂರಕ್ಕೆ ಆರರಷ್ಟು ನಿಧಾನ. ಹಾಡಾಗಿದ್ದರೆ ಶ್ರುತಿ ಇಳಿಯಿತು ಅನ್ನುತ್ತಿದ್ದೆವು. ಇಲ್ಲಿ ಆ ಉಪಯೋಗವಿಲ್ಲದ ‘ಪೀ’ ರಾಗವೇ ಅಳತೆಕೋಲಾಯಿತು. 0 ಮತ್ತು 1ರ ಅಳತೆಯನ್ನೂ ಅಷ್ಟೇ ಹಿಗ್ಗಿಸಿ, 34ಕ್ಕಿಂತ ಕಡಿಮೆ ಬಂದರೆ 0, ಜಾಸ್ತಿ ಬಂದರೆ 1 ಅಂತ ತೀರ್ಮಾನ ಮಾಡಿದೆ. ತಕ್ಷಣ ಓದಿತು.

ಮೊದಲು ಸಿಕ್ಕಿದ್ದು ಹೆಡರ್, ಅಂದರೆ ಮುಂದೆ ಬರುವ ಸರಕಿನ ಚೀಟಿ. ಹದಿನೇಳು ಬೈಟ್. ಒಂದನೆಯದು ಸರಕಿನ ಜಾತಿ: 0, ಅಂದರೆ ಬೇಸಿಕ್ ಭಾಷೆಯ ಪ್ರೋಗ್ರಾಮ್. ಮುಂದಿನ ಹತ್ತು ಬೈಟ್ ಹೆಸರು: 109, 97, 108, 101, ಆಮೇಲೆ ಆರು ಸಲ 32. ಅಕ್ಷರ ಮಾಡಿದರೆ ಎಂ, ಎ, ಎಲ್, ಇ, ಮತ್ತೆ ಆರು ಖಾಲಿ ಜಾಗ. ನಾನು ಇಂಗ್ಲಿಷಿನಲ್ಲಿ ‘ಮೇಲ್’ ಅಂತ ಓದಿ, ಗಂಡು-ಹೆಣ್ಣಿನ ಲೆಕ್ಕ ಏನಪ್ಪಾ ಇದು ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಹೆಂಡತಿ ಕಾಫಿ ತಂದಿಟ್ಟು, ಪರದೆ ನೋಡಿ, “ಮಳೆ ಅಲ್ವಾ?” ಅಂದಳು.

ಮಳೆಯೇ. ತೋಟದವರು ಮಳೆಯ ಲೆಕ್ಕ ಇಡದ ಮನೆ ಕೊಡಗಿನಲ್ಲಿ ಎಲ್ಲಿದೆ? ಅಂಗಳದಲ್ಲಿ ಮಳೆಮಾಪಕ, ಗೋಡೆಗೆ ನೇತು ಹಾಕಿದ ಡೈರಿ, ‘ನಿನ್ನೆ ಎರಡು ಇಂಚು ಮೂವತ್ತು ಸೆಂಟ್’. ಕಾಫಿ ಗಿಡ ಹೂ ಬಿಡಲು ಬೇಕಾದ ಮೊದಲ ಹೂಮಳೆ ಯಾವತ್ತು ಬಿತ್ತು ಅನ್ನುವುದು ಮಕ್ಕಳು ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ನಿಮ್ಮ ಮಾವ ಆ ಡೈರಿಯನ್ನೇ ಕಂಪ್ಯೂಟರಿಗೆ ಹಾಕಲು ಹೊರಟಿದ್ದರು ಅಂತ ನನ್ನ ಅಂದಾಜು. ಟ್ರಂಕಿನಲ್ಲಿ ಅಥವಾ ಮನೆಯಲ್ಲಿ ಹಳೇ ಮಳೆ ಡೈರಿ ಇದ್ದರೆ ಎಸೆಯಬೇಡಿ.

ಈ ಮೊದಲ ಪ್ರೋಗ್ರಾಮ್ ಚಿಕ್ಕದು. ‘ಅಕ್ಷರಗಳನ್ನು ತುಂಬು, ಆಮೇಲೆ ಮುಂದಿನ ಪ್ರೋಗ್ರಾಮ್ ತುಂಬು’ ಅನ್ನುವಷ್ಟೇ. ಆದರೆ ಬರೆದವರ ಕೈ ಪಳಗಿದ ಕೈ ಅಂತ ಒಂದು ಗುರುತು ಕಂಡಿತು. ಸ್ಪೆಕ್ಟ್ರಮ್ ಬೇಸಿಕ್‌ನಲ್ಲಿ ನೀವು 0 ಅಂತ ಬರೆದರೆ, ಆ ಒಂದು ಅಂಕೆಯ ಹಿಂದೆ ಯಂತ್ರ ಕಾಣದ ಹಾಗೆ ಇನ್ನೂ ಆರು ಬೈಟ್ ಸೇರಿಸಿಡುತ್ತದೆ. ಒಟ್ಟು ಏಳು. ಅದರ ಬದಲು ‘ನಾಟ್ ಪೈ’ ಅಂತ ಬರೆದರೆ ಎರಡೇ ಬೈಟ್. ಪೈ ಸೊನ್ನೆ ಅಲ್ಲ, ಹಾಗಾಗಿ ‘ನಾಟ್ ಪೈ’ ಅಂದರೆ ಸೊನ್ನೆ! ನಿಮ್ಮ ಮಾವ 0 ಬರಬೇಕಾದ ಕಡೆಯಲ್ಲೆಲ್ಲ ‘ನಾಟ್ ಪೈ’ ಬರೆದಿದ್ದಾರೆ. ಪ್ರತಿ ಸಲ ಐದು ಬೈಟ್ ಉಳಿತಾಯ. ಇಷ್ಟು ಚಿಕ್ಕ ಪ್ರೋಗ್ರಾಮಿಗೆ ಅದು ಬೇಕಾಗಿರಲಿಲ್ಲ. ಅಭ್ಯಾಸಬಲ.

ಎರಡನೇ ಹೆಡರ್ ನೋಡಿ ನಾನು ಕುರ್ಚಿಯಿಂದ ಎದ್ದೆ. ಜಾತಿ 3, ಅಂದರೆ ಬರೀ ಬೈಟ್‌ಗಳು. ಉದ್ದ 168. ಮೆಮೊರಿಯಲ್ಲಿ ಹೋಗಿ ಕೂರಬೇಕಾದ ಜಾಗ: 88, 255. ಈ ಯಂತ್ರ ಚಿಕ್ಕ ಭಾಗವನ್ನು ಮೊದಲು ಬರೆಯುತ್ತದೆ. 255ನ್ನು 256ರಿಂದ ಗುಣಿಸಿ 88 ಕೂಡಿಸಿ: 65,368. ಈ ಸಂಖ್ಯೆ ಸ್ಪೆಕ್ಟ್ರಮ್ ಬಲ್ಲವರಿಗೆ ಮನೆ ನಂಬರ್ ಇದ್ದ ಹಾಗೆ. ನಾವೇ ಬರೆದ ಅಕ್ಷರಗಳನ್ನು ಇಡಲು ಯಂತ್ರ ಮೀಸಲಿಟ್ಟ ಜಾಗ ಅದು. ಇಪ್ಪತ್ತೊಂದು ಅಕ್ಷರ, ಒಂದೊಂದಕ್ಕೆ ಎಂಟು ಸಾಲು, ಒಂದೊಂದು ಸಾಲಿಗೆ ಒಂದು ಬೈಟ್. 21 ಎಂಟಲಿ 168. ನಿಮ್ಮ ಚೌಕುಳಿ ಪುಸ್ತಕದ ಮಸಿ ತುಂಬಿದ ಚೌಕಗಳು ಇವೇ.

ಇನ್ನೊಂದು ಸಂಗತಿಯೂ ಇದರಿಂದಲೇ ತಿಳಿಯಿತು. 16ಕೆ ಮಾದರಿಯಲ್ಲಿ ಈ ಜಾಗದ ನಂಬರ್ 32,600. ನಿಮ್ಮದರಲ್ಲಿ 65,368 ಇರುವುದರಿಂದ, ಈ ಕ್ಯಾಸೆಟ್ ತುಂಬಿಸಿದ ಯಂತ್ರ 48ಕೆ. ಒಂದು ಸ್ಕ್ರೂ ಬಿಚ್ಚದೆ ಗೊತ್ತಾಯಿತು.

ಎಂಟು ಚೌಕ ಅಗಲ, ಎಂಟು ಚೌಕ ಎತ್ತರದಲ್ಲಿ ಕನ್ನಡ ಬರೆದು ನೋಡಿದ್ದೀರಾ? ಇಂಗ್ಲಿಷಿನ ಕಡ್ಡಿ ಅಕ್ಷರಗಳಿಗೆ ಅಷ್ಟು ಜಾಗ ಧಾರಾಳ. ನಮ್ಮದು ಗುಂಡು ಅಕ್ಷರ, ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ‘ರ’ ಒಂದನ್ನು ಬೈಟ್‌ಗಳಲ್ಲಿ ಹೀಗೆ ಬರೆಯಬಹುದು: 6, 124, 24, 60, 66, 66, 60, 0. ಚೌಕುಳಿ ಹಾಳೆಯಲ್ಲಿ ಹಾಕಿ ನೋಡಿ, ತಲೆಕಟ್ಟಿನ ಕೆಳಗೆ ಒಂದು ಗುಂಡು ಬರುತ್ತದೆ. ಇದು ಸುಲಭದ್ದು. ‘ಳ’ದಲ್ಲಿ ಬೆವರು ಬರುತ್ತದೆ. ಮೇಲಾಗಿ ಇಪ್ಪತ್ತೊಂದೇ ಅಕ್ಷರಕ್ಕೆ ಜಾಗ. ನಮ್ಮ ವರ್ಣಮಾಲೆಯೇ ನಲವತ್ತೊಂಬತ್ತು, ಗುಣಿತ ಒತ್ತು ಬೇರೆ. ಹಾಗಾಗಿ ಅವರು ಪೂರ್ತಿ ಕನ್ನಡ ಮಾಡಲು ಹೋಗಿಲ್ಲ, ತಮಗೆ ಬೇಕಾದ ಪದಗಳಿಗೆ ಸಾಕಾಗುವಷ್ಟು ಅಕ್ಷರ ಆರಿಸಿಕೊಂಡಿದ್ದಾರೆ. ಕನ್ನಡಕ್ಕೆ ಜಾಗ ಕೊಟ್ಟ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಈ ಕ್ಯಾಸೆಟ್ ಅದಕ್ಕೂ ಹಿಂದಿನದೇ ಇರಬೇಕು ಅಂತ ನನಗೆ ಅನಿಸುತ್ತದೆ, ಪುಸ್ತಕದಲ್ಲಿ ಎಲ್ಲಾದರೂ ತಾರೀಕು ಇದೆಯಾ ನೋಡಿ.

168 ಬೈಟ್‌ನಲ್ಲಿ ಎಷ್ಟು ಬಂತು? 166. ‘ಮ’, ‘ಳ’, ‘ವ’, ‘ರ’ ಎಲ್ಲ ಪರದೆಯ ಮೇಲೆ ಸ್ಪಷ್ಟವಾಗಿ ಬಂದವು. ಎರಡು ಬೈಟ್ ಬೂಷ್ಟಿನ ಪಾಲು. ಆಶ್ಚರ್ಯವಿಲ್ಲ. ಟೇಪ್ ಸೆಕೆಂಡಿಗೆ ನಾಲ್ಕು ಮುಕ್ಕಾಲು ಸೆಂಟಿಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ ಒಂದು ಬೈಟ್‌ಗೆ ಸಿಗುವುದು ಸುಮಾರು ಕಾಲು ಮಿಲಿಮೀಟರ್. ಅರ್ಧ ಮಿಲಿಮೀಟರಿನ ಚುಕ್ಕೆಗೆ ಎರಡು ಬೈಟ್ ಹೋಗುತ್ತದೆ. ಮುಂದಿನಿಂದ 68 ಬೈಟ್ ಓದಿದೆ, ಆಮೇಲೆ ಅಲೆಯೇ ಇಲ್ಲ. ಕೊನೆಯಿಂದ ಹಿಂದಕ್ಕೆ ಎಣಿಸಿದರೆ 98 ಸಿಕ್ಕಿತು. ಹೋಗಿರುವುದು 69 ಮತ್ತು 70ನೆಯದು. ಅಂದರೆ ಒಂಬತ್ತನೇ ಅಕ್ಷರದ 5 ಮತ್ತು 6ನೇ ಸಾಲು. ಇದನ್ನು ಸ್ಪೆಕ್ಟ್ರಮ್ಮಿಗೇ ಕೊಟ್ಟಿದ್ದರೆ ‘ಟೇಪ್ ಲೋಡಿಂಗ್ ಎರರ್’ ಅಂತ ಹೇಳಿ ಕೈಚೆಲ್ಲುತ್ತಿತ್ತು. ಅದಕ್ಕೇ ನಾನು ಮೊದಲು ಯಂತ್ರ ಬೇಡ, ಲ್ಯಾಪ್‌ಟಾಪ್ ಸಾಕು ಅಂದದ್ದು.

ಪ್ರತಿ ಸರಕಿನ ಕೊನೆಗೆ ಒಂದು ತಾಳೆ ಬೈಟ್ ಇರುತ್ತದೆ. ಎಲ್ಲ ಬೈಟ್‌ಗಳನ್ನೂ ಎಕ್ಸಾರ್ ಎಂಬ ಲೆಕ್ಕದಲ್ಲಿ ಸೇರಿಸಿ ಬರೆದದ್ದು. ಎರಡು ಬಿಟ್ ಒಂದೇ ಆದರೆ 0, ಬೇರೆ ಬೇರೆ ಆದರೆ 1. ಅಂಗಡಿ ಚೀಟಿಯ ಮೊತ್ತ ಇದ್ದ ಹಾಗೆ. ಚೀಟಿಯಲ್ಲಿ ಒಂದೇ ಸಾಲು ಹರಿದಿದ್ದರೆ ಮೊತ್ತದಿಂದ ಅದನ್ನು ಕಂಡುಹಿಡಿಯಬಹುದು. ಎರಡು ಸಾಲು ಹರಿದರೆ ಎರಡೂ ಸೇರಿ ಎಷ್ಟು ಅಂತ ಮಾತ್ರ ಗೊತ್ತಾಗುತ್ತದೆ. ನಿಮ್ಮ ಎರಡು ಬೈಟ್ ಸೇರಿದರೆ 36 ಬರಬೇಕು. ಅಷ್ಟು ಖಚಿತ.

ಒಂಬತ್ತನೇ ಅಕ್ಷರದ ಮೇಲಿನ ನಾಲ್ಕು ಸಾಲು, ಕೆಳಗಿನ ಎರಡು ಸಾಲು ಇವೆ. ಅದು ‘ಪ’ ಇರಬೇಕು, ಇಲ್ಲವೇ ‘ಷ’. ‘ಫ’ ಅಲ್ಲ, ಅದರ ಗೀಟು ಕೆಳಗಡೆ ಬರುತ್ತದೆ, ಕೆಳಗಿನ ಸಾಲುಗಳಲ್ಲಿ ಅದಿಲ್ಲ. ‘ಪ’ ಆಗಿದ್ದರೆ ಹೋದ ಸಾಲುಗಳು 66 ಮತ್ತು 102. ಎಕ್ಸಾರ್ ಮಾಡಿ: 36. ‘ಷ’ ಆಗಿದ್ದರೆ ಹೊಟ್ಟೆಯೊಳಗೆ ಗೀಟು ಬೇಕು, ಅವರು ನಡುವಿನ ಎರಡು ಚೌಕ ತುಂಬಿರುತ್ತಾರೆ. ಆಗ 90 ಮತ್ತು 126. ಎಕ್ಸಾರ್ ಮಾಡಿ: ಮತ್ತೆ 36! ಗೀಟು ಎರಡೂ ಸಾಲಿನಲ್ಲಿ ಒಂದೇ ಜಾಗದಲ್ಲಿ ಇರುವುದರಿಂದ ತಾಳೆಯಲ್ಲಿ ಅದು ಹೊಡೆದುಹೋಗುತ್ತದೆ. ಇದ್ದರೂ ಅದೇ ಉತ್ತರ, ಇಲ್ಲದಿದ್ದರೂ ಅದೇ ಉತ್ತರ. ಎರಡು ದಿನ ಇದರ ಮುಂದೆ ಕೂತಿದ್ದೇನೆ. ‘ವರ್ಷ’ ಅಂತ ಬರೆಯಲು ‘ಷ’ ಬೇಕು, ‘ಏಪ್ರಿಲ್’, ‘ಸೆಪ್ಟೆಂಬರ್’ ಬರೆಯಲು ‘ಪ’ ಬೇಕು. ಹೂಮಳೆಯ ಏಪ್ರಿಲ್ ಅನ್ನು ಬಿಟ್ಟು ಯಾವ ತೋಟದವರು ಮಳೆ ಲೆಕ್ಕ ಬರೆಯುತ್ತಾರೆ? ಆದರೆ ‘ವರ್ಷ’ ಇಲ್ಲದೆ ತಲೆಬರಹ ಹೇಗೆ?

ಹೊಸ ಬೆಲ್ಟ್ ಹಾಕಿಸಿ ಮಿಕ್ಕ ಟೇಪ್ ಕಳಿಸಿ, ಮುಂದಿನ ಪ್ರೋಗ್ರಾಮ್ ಅದರಲ್ಲಿದೆ. ಅದಕ್ಕೂ ಮೊದಲು ಚೌಕುಳಿ ಪುಸ್ತಕ. ಅಂಟಿದ ಪುಟಗಳನ್ನು ಎಳೆಯಬೇಡಿ, ನೀರು ತಾಗಿಸಬೇಡಿ. ಅದನ್ನೂ ಸಿಲಿಕಾ ಜೆಲ್ ಡಬ್ಬದಲ್ಲಿ ಒಣಗಿಸಿ, ಅಂಚಿನಿಂದ ಪೋಸ್ಟ್‌ಕಾರ್ಡ್ ತೂರಿಸಿ ನಿಧಾನಕ್ಕೆ ಬಿಡಿಸಿ. ಒಂಬತ್ತನೇ ಅಕ್ಷರ ಸಿಕ್ಕಿದರೆ ಮೇಲಿನಿಂದ ಐದನೇ ಸಾಲು ನೋಡಿ. ಎರಡು ಚೌಕಕ್ಕೆ ಮಸಿ ಇದೆಯಾ, ನಾಲ್ಕಕ್ಕಾ? ಅಷ್ಟು ಬರೆದು ಕಳಿಸಿ.